ಜಂತಿಯ ಮೇಲೆ ಬಚ್ಚಲು: ಬೈಲಹೊಂಗಲ ಸೀಮೆಯ ಹಳೆಯ ಮನೆಗಳಲ್ಲಿ ಮರದ ನೆಲವನ್ನು ಟೈಲ್ಸ್‌ಗೆ ಅಣಿಗೊಳಿಸುವ ಕುರಿತು ಒಂದು ಟಿಪ್ಪಣಿ

1. ವಿಷಯದ ವ್ಯಾಪ್ತಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳೆಯ ಓಣಿಗಳಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಯ, ಮರದ ಕಂಬ, ತೊಲೆ, ಜಂತಿಗಳ ಮಾಳಿಗೆ ಮನೆಗಳಲ್ಲಿ ಜನ ಇನ್ನೂ ವಾಸವಾಗಿದ್ದಾರೆ. ಉಳ್ಳವರ ಮನೆಗಳಿಗೂ ದೇಸಗತಿ ವಾಡೆಗಳಿಗೂ ಮಹಡಿ ಇರುತ್ತಿತ್ತು. ಮಹಡಿಯ ನೆಲವನ್ನು ಹೊರುವುದು ಮರದ ಜಂತಿ. ಕಾಳು-ಕಡಿ ಇಡಲು, ಮಲಗಲು, ಬಂದವರನ್ನು ಕೂರಿಸಲು ಕಟ್ಟಿದ ಒಣ ನೆಲ ಅದು. ಮನೆ ಹಿಸ್ಸೆಯಾಗಿ ಒಬ್ಬ ಅಣ್ಣನ ಪಾಲಿಗೆ ಮೇಲಿನ ಭಾಗ ಬಂದಾಗ, ಇಲ್ಲವೇ ಮಗ-ಸೊಸೆಗೆ ಮೇಲಿನ ಕೋಣೆ ಬಿಟ್ಟುಕೊಟ್ಟಾಗ, ಅಲ್ಲಿಯೇ ಬಚ್ಚಲು ಬೇಕೆಂಬ ಮಾತು ಏಳುತ್ತದೆ. ಮೊದಲು ಕರೆಸುವುದು ಗೌಂಡಿಯನ್ನೋ ಟೈಲ್ಸ್ ಹಾಕುವವರನ್ನೋ. ಅವರು ನೆಲ ನೋಡಿ, ಸಿಮೆಂಟು ಮರಳಿನ ಲೆಕ್ಕ ಹೇಳುತ್ತಾರೆ. ಆ ನೆಲದ ಕೆಳಗೆ ಏನಿದೆ ಎಂಬುದು ಮಾತಿಗೆ ಬರುವುದು ಕಡಿಮೆ.

ಈ ಟಿಪ್ಪಣಿ ಆ ಕೆಳಗಿನದನ್ನು ಕುರಿತದ್ದು. ಮರದ ನೆಲವನ್ನು ಟೈಲ್ಸ್‌ಗೆ ಅಣಿಗೊಳಿಸುವ ಕಲೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಚೆನ್ನಾಗಿ ಬೆಳೆದಿದೆ. ಅಲ್ಲಿ ಬಹುಪಾಲು ಮನೆಗಳ ಮೇಲಂತಸ್ತು ಮರದ್ದೇ ಆದ್ದರಿಂದ ಅದಕ್ಕೆ ಅಳತೆ, ಕ್ರಮ, ಸಾಮಗ್ರಿ ಎಲ್ಲವೂ ಗೊತ್ತಾಗಿವೆ. ಆ ಕ್ರಮವನ್ನು ಹಾಗೆಯೇ ಎತ್ತಿ ಬೈಲಹೊಂಗಲದ ಮಹಡಿಗೆ ತಂದಿಟ್ಟರೆ ಸಾಲದು ಎಂಬುದು ಇಲ್ಲಿನ ವಾದ. ನೆಲದ ಕಟ್ಟು ಬೇರೆ, ಸ್ನಾನ ಮಾಡುವ ರೀತಿಯೂ ಬೇರೆ. ಈ ಎರಡು ಭೇದಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಿದ್ಧತೆಯ ಕ್ರಮವೇ ಬದಲಾಗುತ್ತದೆ.

2. ಮಹಡಿಯ ನೆಲದ ಕಟ್ಟು

ಗೋಡೆಯಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ ತೊಲೆ. ಕಂಬದ ತಲೆಯ ಮೇಲೆ ತೊಲೆಯ ಭಾರ ಹಂಚಲು ಬೋದಿಗೆ. ತೊಲೆಯ ಮೇಲೆ ಅಡ್ಡಲಾಗಿ ಜಂತಿಗಳ ಸಾಲು. ಜಂತಿಯ ಮೇಲೆ ಹಲಗೆ. ಅನುಕೂಲ ಕಡಿಮೆಯಿದ್ದ ಮನೆಗಳಲ್ಲಿ ಹಲಗೆಯ ಬದಲು ಒತ್ತಾಗಿ ಜೋಡಿಸಿದ ಸೀಳು, ಕಟ್ಟಿಗೆ. ಅದರ ಮೇಲೆ ಮಣ್ಣು ಉದುರದಂತೆ ಸೊಪ್ಪು ಸದೆಯ ಪದರ, ಮೇಲೆ ಗೇಣುದ್ದ ಬಡಿದು ಕೂರಿಸಿದ ಮಣ್ಣು. ಒಳಗಿನ ಮಹಡಿಯಾದರೆ ಅದಕ್ಕೆ ಸಗಣಿಯ ಸಾರಣೆ ಅಥವಾ ಗಚ್ಚು. ಆಕಾಶಕ್ಕೆ ತೆರೆದ ಮಾಳಿಗೆಯಾದರೆ ಮೇಲ್ಪದರಕ್ಕೆ ಕರಲು ಮಣ್ಣು. ಕರಲಿನಲ್ಲಿ ಸೋಡಿಯಂ ಲವಣದ ಅಂಶ ಹೆಚ್ಚು. ಮಳೆಯ ಮೊದಲ ಹನಿಗೆ ಅದರ ಜೇಡಿಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ. ಹೀಗಾಗಿ ನೀರು ಕೆಳಗೆ ಇಳಿಯದೆ ಜಾರಿ ಹೋಗುತ್ತದೆ. ಹೊಲಕ್ಕೆ ಬೇಡವಾದ ಮಣ್ಣು ಮಾಳಿಗೆಗೆ ಬೇಕಾಗಿದ್ದು ಈ ಗುಣದಿಂದ.

ಮರ ಎಲ್ಲ ಕಡೆ ಒಂದೇ ಅಲ್ಲ. ಕಿತ್ತೂರಿನ ಪಡುವಲಿಗೆ ಖಾನಾಪುರ, ಹಳಿಯಾಳ, ದಾಂಡೇಲಿ ಕಡೆಯ ಕಾಡು ಹತ್ತಿರವಾದ್ದರಿಂದ ಅತ್ತ ಸಾಗವಾನಿ, ಮತ್ತಿ, ಹೊನ್ನೆ ಸಿಗುತ್ತಿದ್ದವು. ಮೂಡಲಿಗೆ, ಸವದತ್ತಿ ದಾಟಿ ರಾಮದುರ್ಗದ ಕಡೆ ಸರಿದಂತೆ ಹೊಲದ ಬದುವಿನ ಬೇವು, ಜಾಲಿಗಳೂ ಮನೆಗೆ ಬಂದವು. ಒಂದೇ ಮನೆಯಲ್ಲಿ ತೊಲೆ ಸಾಗವಾನಿಯದು, ಜಂತಿ ಬೇವಿನದು ಇರುವುದು ವಿಶೇಷವಲ್ಲ. ಆದ್ದರಿಂದ ‘ಹಳೆಯ ಮರ ಗಟ್ಟಿ’ ಎಂಬ ಮಾತನ್ನು ಇಡೀ ಮನೆಗೆ ಅನ್ವಯಿಸಲಾಗದು. ಒಂದೊಂದು ಜಂತಿಯನ್ನೂ ಬೇರೆಯಾಗಿಯೇ ನೋಡಬೇಕು.

ಈ ಕಟ್ಟಿನ ಇನ್ನೊಂದು ಲಕ್ಷಣ ಮುಂದಿನ ಚರ್ಚೆಗೆ ಮುಖ್ಯ. ಕೆಳಗಿನ ಪಡಸಾಲೆಯಲ್ಲಿ ನಿಂತು ಕತ್ತೆತ್ತಿದರೆ ಜಂತಿ, ಹಲಗೆ ಬರಿಗಣ್ಣಿಗೆ ಕಾಣುತ್ತವೆ. ಮರ ಕೆಳಗಿನಿಂದ ಗಾಳಿಗೆ ತೆರೆದುಕೊಂಡಿದೆ. ಮೇಲಿನ ಮಣ್ಣೂ ಹೀರಿದ ತೇವವನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಒದ್ದೆಯಾದರೂ ಎರಡೂ ಕಡೆಯಿಂದ ಒಣಗುವ ಅವಕಾಶವಿದ್ದದ್ದರಿಂದಲೇ ಆ ಜಂತಿಗಳು ತಲೆಮಾರುಗಳ ಕಾಲ ಬಾಳಿವೆ.

3. ಹಳೆಯ ಬಚ್ಚಲಿನ ಜಾಗ

ಈ ಸೀಮೆಯ ಮನೆಯಲ್ಲಿ ಬಚ್ಚಲು ನೆಲಮಟ್ಟದಲ್ಲಿ, ಬಹುಮಟ್ಟಿಗೆ ಅಡುಗೆಮನೆಯ ಮಗ್ಗುಲಿಗೋ ಹಿತ್ತಲ ಬಾಗಿಲ ಬಳಿಯೋ ಇರುತ್ತದೆ. ಮೂಲೆಯಲ್ಲಿ ಹಂಡೆ ಕೂರಿಸಿದ ನೀರೊಲೆ, ಕೆಳಗೆ ಹಾಸುಗಲ್ಲು, ಗೋಡೆಯ ಬುಡದಲ್ಲಿ ಒಂದು ತೂತು. ಅಲ್ಲಿಂದ ನೀರು ಹಿತ್ತಲ ಬಾಳೆಗೆ, ಕೆಸುವಿಗೆ. ಕಲ್ಲಿಗೆ ಇಲ್ಲಿ ಬರವಿಲ್ಲ. ಸವದತ್ತಿ, ರಾಮದುರ್ಗಗಳ ನೆಲದಡಿಯಲ್ಲಿ ಕಲಾದಗಿ ಶ್ರೇಣಿಯ ಮರಳುಗಲ್ಲು, ಸುಣ್ಣಕಲ್ಲುಗಳ ಪದರಗಳಿವೆ. ರೈಲು, ಲಾರಿಗಳ ಕಾಲಕ್ಕೆ ಕಲಬುರಗಿ ಕಡೆಯ ಶಹಾಬಾದ್ ಪರಸಿಯೂ ಬಂತು. ಕಲ್ಲು ನೇರ ಭೂಮಿಯ ಮೇಲೆ ಕೂತದ್ದರಿಂದ ಅದು ಬಾಗುವ ಪ್ರಶ್ನೆಯಿಲ್ಲ. ಸಂದಿಯಿಂದ ನೀರು ಇಳಿದರೂ ಮಣ್ಣಿಗೆ ಸೇರುತ್ತದೆ, ಮರಕ್ಕಲ್ಲ.

ಕಿತ್ತೂರು ಕೋಟೆಯ ಅರಮನೆಯ ಅವಶೇಷಗಳಲ್ಲೂ ಸ್ನಾನದ ಕೋಣೆಗಳು ಕಾಣುವುದು ನೆಲಮಟ್ಟದಲ್ಲಿಯೇ. ಆದರೆ ಇದನ್ನು ಸಾಕ್ಷ್ಯವಾಗಿ ಬಳಸುವಾಗ ಎಚ್ಚರ ಬೇಕು. 1824ರ ಯುದ್ಧದ ಬಳಿಕ ಪಾಳುಬಿದ್ದ ಆ ಅರಮನೆಯಲ್ಲಿ ಇಂದು ನಿಂತಿರುವುದು ಗೋಡೆಗಳ ಕೆಳಭಾಗ ಮತ್ತು ಕಂಬದ ಕಲ್ಲುಗಳು. ಮರದ ಭಾಗವೆಲ್ಲ ಹೋಗಿದೆ. ಮೇಲೆ ಸ್ನಾನದ ಕೋಣೆ ಇರಲೇ ಇಲ್ಲ ಎಂದು ಆ ಅವಶೇಷ ಹೇಳಲಾರದು. ಅದು ಹೇಳುವುದು ಇಷ್ಟೇ: ಕೆಳಗಿದ್ದ ಸ್ನಾನದ ಕೋಣೆಗಳ ನೆಲ ಮರದ ಮೇಲೆ ನಿಂತದ್ದಲ್ಲ. ಊರ ಮನೆಗಳ ವಾಡಿಕೆಗೂ ಇದಕ್ಕೂ ಮೇಳವಿದೆ. ಒಣ ಕೆಲಸ ಮರದ ಮೇಲೆ, ಒದ್ದೆಯ ಕೆಲಸ ಕಲ್ಲಿನ ಮೇಲೆ ಎಂಬ ವಿಭಜನೆಯನ್ನು ಹಳೆಯ ಕಟ್ಟುವವರು ಪಾಲಿಸಿದರು. ಮಹಡಿಯ ಬಚ್ಚಲು ಆ ವಿಭಜನೆಯನ್ನು ಮುರಿಯುತ್ತದೆ. ಮುರಿಯಬಾರದೆಂದಲ್ಲ, ಮುರಿದಾಗ ಕಲ್ಲು ಮತ್ತು ಭೂಮಿ ಸೇರಿ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದೋ ಪದರ ಮಾಡಲೇಬೇಕು.

4. ನೀರು ಬೀಳುವ ರೀತಿ

ಪಾಶ್ಚಾತ್ಯ ಕೈಪಿಡಿಗಳು ಬಚ್ಚಲಿನ ಮರದ ನೆಲ ಎಂದಾಗ ಅವುಗಳ ಮನಸ್ಸಿನಲ್ಲಿರುವುದು ಬಹುತೇಕ ಒಣಗಿಯೇ ಇರುವ ನೆಲ. ಸ್ನಾನ ತೊಟ್ಟಿಯೊಳಗೆ ಇಲ್ಲವೇ ಗಾಜಿನ ಮರೆಯೊಳಗಿನ ಶವರ್ ತಟ್ಟೆಯಲ್ಲಿ ಮುಗಿಯುತ್ತದೆ. ಹೊರಗಿನ ನೆಲಕ್ಕೆ ಬೀಳುವುದು ಕಾಲಿನಿಂದ ಇಳಿದ ಹನಿ. ಆದ್ದರಿಂದ ಅಲ್ಲಿ ಮೊದಲ ಚಿಂತೆ ನೆಲದ ಬಿಗಿ. ನೀರು ತಡೆಯುವ ಪದರ ಎಷ್ಟೋ ಸಲ ‘ಇದ್ದರೆ ಒಳ್ಳೆಯದು’ ಎಂಬ ಸಾಲಿಗೆ ಸೇರುತ್ತದೆ. ನೆಲಕ್ಕೆ ಇಳಿಜಾರು ಇರುವುದೇ ಇಲ್ಲ, ಮೋರಿಯ ಬಾಯಿಯೂ ಇರುವುದಿಲ್ಲ.

ಇಲ್ಲಿ ಮಣೆಯ ಮೇಲೆ ಕೂತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಸುರಿದುಕೊಳ್ಳುವುದು ರೂಢಿ. ಅದೇ ನೆಲದ ಮೇಲೆ ಬಟ್ಟೆ ಒಗೆಯುವುದು, ಹಬ್ಬದ ಮುನ್ನಾದಿನ ಹಿತ್ತಾಳೆ ಪಾತ್ರೆ ತಿಕ್ಕುವುದು, ಕೊನೆಗೆ ಇಡೀ ಬಚ್ಚಲಿಗೆ ಬಕೆಟ್ಟು ನೀರು ಚೆಲ್ಲಿ ಕಸಬರಿಗೆಯಿಂದ ತಳ್ಳುವುದು. ಗೋಡೆಯಿಂದ ಗೋಡೆಗೆ ಇಡೀ ನೆಲವೇ ಅಂಚುಳ್ಳ ಪರಾತದಂತೆ ನೀರು ಹಿಡಿದು ಒಂದು ಬಾಯಿಯಿಂದ ಹೊರಕ್ಕೆ ಕಳುಹಿಸಬೇಕು. ಹೀಗಾಗಿ ಅವರ ಕೈಪಿಡಿಯಿಂದ ನಾವು ತೆಗೆದುಕೊಳ್ಳಬೇಕಾದ ಅಧ್ಯಾಯ ‘ಬಚ್ಚಲಿನ ನೆಲ’ ಎಂಬುದಲ್ಲ, ‘ಶವರ್ ತಟ್ಟೆ ಕಟ್ಟುವುದು’ ಎಂಬುದು. ಇಳಿಜಾರು, ನೀರು ತಡೆಯುವ ಅಖಂಡ ಪದರ, ಆ ಪದರಕ್ಕೆ ಬೆಸೆದ ಮೋರಿಯ ಬಾಯಿ: ಈ ಮೂರೂ ಇಲ್ಲಿ ಕಡ್ಡಾಯ.

5. ತೂಕ ಮತ್ತು ಬಾಗು

ಟೈಲ್ಸ್ ಒಡೆಯುವುದು ತೂಕಕ್ಕಿಂತ ಹೆಚ್ಚಾಗಿ ಕೆಳಗಿನ ನೆಲ ಬಾಗುವುದರಿಂದ. ಪಿಂಗಾಣಿ ಬಿಲ್ಲೆ ಬಾಗದು. ಕೆಳಗಿನ ಮರ ಬಾಗಿದರೆ ಸಂದಿನ ಗ್ರೌಟ್ ಮೊದಲು ಬಿರಿಯುತ್ತದೆ, ಆಮೇಲೆ ಬಿಲ್ಲೆ ಬಿಟ್ಟುಕೊಳ್ಳುತ್ತದೆ. ಮರದ ಕಟ್ಟಡಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 883 ಇದಕ್ಕೆ ಮಿತಿ ಹಾಕಿದೆ. ಟೈಲ್ಸ್‌ನಂಥ ಬಿರುಸು ವಸ್ತುವನ್ನು ಹೊರುವ ಮರ ತನ್ನ ಉದ್ದದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಾಗಬಾರದು; ಬೇರೆ ಕೆಲಸಕ್ಕಾದರೆ 240ರಲ್ಲಿ ಒಂದು ಪಾಲು. ಅಮೆರಿಕದ ರೂಢಿಯಲ್ಲೂ ಪಿಂಗಾಣಿಗೆ ಇದೇ 360. ನೈಸರ್ಗಿಕ ಕಲ್ಲು ಹಾಸುವುದಾದರೆ 720. ಅಂದರೆ ಮಹಡಿಯ ಮೇಲೆ ಗ್ರಾನೈಟ್ ಹಾಕುವ ಆಸೆಗೆ ಎರಡು ಪಟ್ಟು ಬಿಗಿಯಾದ ನೆಲ ಬೇಕು.

ಒಂದು ಮಾದರಿ ಲೆಕ್ಕ ನೋಡೋಣ. 75 ಮಿ.ಮೀ. ಅಗಲ, 125 ಮಿ.ಮೀ. ಎತ್ತರದ ಸಾಗವಾನಿ ಜಂತಿಗಳು, ಒಂದರಿಂದ ಒಂದಕ್ಕೆ 450 ಮಿ.ಮೀ. ಅಂತರ, ಆಧಾರದಿಂದ ಆಧಾರಕ್ಕೆ 2.4 ಮೀಟರ್. ಮರದ ಬಿಗಿತದ ಗುಣಾಂಕ ಚದರ ಮಿ.ಮೀ.ಗೆ 10,000 ನ್ಯೂಟನ್ ಎಂದಿಟ್ಟುಕೊಳ್ಳೋಣ. ಬಳಕೆಯ ಭಾರವನ್ನು ಐಎಸ್ 875ರ ಎರಡನೆಯ ಭಾಗ ವಾಸದ ಮನೆಯ ಬಚ್ಚಲಿಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಎಂದು ನಿಗದಿ ಮಾಡಿದೆ. ಜಂತಿಯ ಸ್ವಂತ ತೂಕ ಎಲ್ಲ ಕಡೆಯೂ ಒಂದೇ ಆದ್ದರಿಂದ ಬಿಡಲಾಗಿದೆ.

ಮೊದಲ ರೀತಿ, ಊರಲ್ಲಿ ಸಾಮಾನ್ಯವಾಗಿ ಹೊಳೆಯುವಂಥದ್ದು: ಇದ್ದ 15 ಸೆಂ.ಮೀ. ಮಣ್ಣನ್ನು ಹಾಗೆಯೇ ಬಿಟ್ಟು ಅದರ ಮೇಲೆ 5 ಸೆಂ.ಮೀ. ಸಿಮೆಂಟ್ ಗಾರೆ, ಆಮೇಲೆ ಟೈಲ್ಸ್. ಬಡಿದ ಮಣ್ಣು ಚದರ ಮೀಟರಿಗೆ ಸುಮಾರು 255 ಕೆ.ಜಿ., ಗಾರೆ 105, ಟೈಲ್ಸ್ 18, ಹಲಗೆ 16. ಬಳಕೆಯ ಭಾರ ಸೇರಿ ಸುಮಾರು 595 ಕೆ.ಜಿ. ಈ ಭಾರಕ್ಕೆ ಜಂತಿ ನಡುವೆ 9.3 ಮಿ.ಮೀ. ಬಾಗುತ್ತದೆ. ಮಿತಿ 6.7 ಮಿ.ಮೀ. ನೆಲ ಸೋತಿತು.

ಎರಡನೆಯ ರೀತಿ: ಮಣ್ಣನ್ನೆಲ್ಲ ಇಳಿಸಿ, ಹಲಗೆಯ ಮೇಲೆ 18 ಮಿ.ಮೀ. ಪ್ಲೈವುಡ್, ಅದರ ಮೇಲೆ 10 ಮಿ.ಮೀ. ಸಿಮೆಂಟ್ ಬೋರ್ಡ್, ತೆಳು ಅಂಟು, ಟೈಲ್ಸ್. ಇವೆಲ್ಲ ಸೇರಿ 70 ಕೆ.ಜಿ., ಬಳಕೆಯ ಭಾರದೊಂದಿಗೆ 270. ಅದೇ ಜಂತಿ ಈಗ ಬಾಗುವುದು 4.2 ಮಿ.ಮೀ. ನೆಲ ಗೆದ್ದಿತು. ಮಣ್ಣು ಇಳಿಸುವುದೊಂದರಿಂದಲೇ ಹೊಸ ಬಚ್ಚಲಿಗೆ ಬೇಕಾದ ಭಾರದ ಅವಕಾಶ ಸಿಕ್ಕಿಬಿಡುತ್ತದೆ.

ಇದೇ ಹಗುರ ನೆಲವನ್ನು 3 ಮೀಟರ್ ಉದ್ದದ ಜಂತಿಯ ಮೇಲೆ ಹಾಕಿದರೆ ಬಾಗು 10.3 ಮಿ.ಮೀ.ಗೆ ಏರುತ್ತದೆ, ಮಿತಿ 8.3. ಬರೀ 60 ಸೆಂ.ಮೀ. ಹೆಚ್ಚಾದದ್ದಕ್ಕೆ ಗೆಲುವು ಸೋಲಾಯಿತು. ಬಾಗು ಉದ್ದದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬೆಳೆಯುವುದೇ ಇದಕ್ಕೆ ಕಾರಣ. ಪರಿಹಾರ ಎರಡಿವೆ. ಪ್ರತಿ ಜಂತಿಯ ಮಗ್ಗುಲಿಗೆ ಅಷ್ಟೇ ಅಳತೆಯ ಇನ್ನೊಂದನ್ನು ಬೋಲ್ಟ್ ಹಾಕಿ ಜೋಡಿಸಿದರೆ ಬಾಗು ಅರ್ಧಕ್ಕೆ ಇಳಿಯುತ್ತದೆ. ಜಂತಿಗಳ ನಟ್ಟನಡುವೆ ಕೆಳಗಿನಿಂದ ಒಂದು ಗಟ್ಟಿ ಅಡ್ಡತೊಲೆ ಕೊಟ್ಟರೆ ಉದ್ದ ಅರ್ಧವಾಗಿ, ಬಾಗು ಹದಿನಾರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಕೆಳಗಿನ ಕೋಣೆಯಲ್ಲಿ ಒಂದು ತೊಲೆ ಕಾಣುವುದನ್ನು ಒಪ್ಪುವುದಾದರೆ ಇದಕ್ಕಿಂತ ಅಗ್ಗದ ದಾರಿಯಿಲ್ಲ. ತುಂಬಿದ 200 ಲೀಟರಿನ ಡ್ರಮ್ಮು ಒಂದೇ ಕಡೆ 200 ಕೆ.ಜಿ. ಹೇರುತ್ತದೆ ಎಂಬುದನ್ನೂ ನೆನಪಿಡಬೇಕು. ನೀರಿನ ಸಂಗ್ರಹದ ಜಾಗ ಗೋಡೆಯ ಅಂಚು, ಜಂತಿಯ ನಡುವಲ್ಲ.

6. ತೇವಕ್ಕೆ ಮರದ ಪ್ರತಿಕ್ರಿಯೆ

ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ. ಗಾಳಿಯ ಸಾಪೇಕ್ಷ ತೇವ ಶೇ 30ರಷ್ಟಿರುವ ಬೇಸಿಗೆಯಲ್ಲಿ ಮರದೊಳಗಿನ ನೀರು ಅದರ ಒಣ ತೂಕದ ಶೇ 6ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಶೇ 80ರ ಮಳೆಗಾಲದಲ್ಲಿ ಶೇ 15ರಿಂದ 16ಕ್ಕೆ ಏರುತ್ತದೆ. ಸಾಗವಾನಿ ಹಿಗ್ಗು-ಕುಗ್ಗು ಕಡಿಮೆಯಿರುವ ಮರವೆಂದೇ ಹೆಸರಾದದ್ದು. ಆದರೂ 200 ಮಿ.ಮೀ. ಅಗಲದ ಹಲಗೆ ಇಷ್ಟು ಏರಿಳಿತಕ್ಕೆ ಅಗಲದಲ್ಲಿ 3 ಮಿ.ಮೀ.ವರೆಗೂ ಬದಲಾಗಬಲ್ಲದು. ಅಷ್ಟೇ ಅಗಲದ ಪಿಂಗಾಣಿ ಬಿಲ್ಲೆ 20 ಡಿಗ್ರಿ ಬಿಸಿ ಏರಿದರೂ ಹಿಗ್ಗುವುದು ಮಿಲಿಮೀಟರಿನ ನಲವತ್ತನೆಯ ಒಂದು ಪಾಲಿನಷ್ಟು. ಇವೆರಡನ್ನೂ ಸಿಮೆಂಟಿನಿಂದ ನೇರವಾಗಿ ಬೆಸೆದರೆ ಮೊದಲ ಮಳೆಗಾಲ-ಬೇಸಿಗೆಯಲ್ಲೇ ಬೆಸುಗೆ ಬಿಡುತ್ತದೆ. ಹಸಿ ಗಾರೆಯ ನೀರನ್ನು ಹಲಗೆ ಹೀರಿ ಉಬ್ಬಿ, ಆಮೇಲೆ ಒಣಗಿ ಕುಗ್ಗುವುದು ಇದನ್ನು ಇನ್ನಷ್ಟು ಬೇಗ ಮಾಡುತ್ತದೆ.

ಪ್ಲೈವುಡ್ ನಡುವೆ ಬರುವುದು ಇದಕ್ಕಾಗಿ. ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದರ ಅಗಲದ ಏರಿಳಿತ ಹಲಗೆಯದಕ್ಕಿಂತ ಬಹಳ ಕಡಿಮೆ. ಸಿಮೆಂಟ್ ಬೋರ್ಡ್ ಇನ್ನೂ ಸ್ಥಿರ. ಹಲಗೆಯಿಂದ ಬಿಲ್ಲೆಯವರೆಗೆ ಚಲನೆ ಪದರ ಪದರವಾಗಿ ಕರಗಬೇಕು.

ಎರಡನೆಯ ಅಪಾಯ ಕೊಳೆ. ಮರದೊಳಗಿನ ತೇವ ಶೇ 20ರ ಕೆಳಗಿದ್ದರೆ ಶಿಲೀಂಧ್ರ ಹುಟ್ಟದು. ಬಹುಕಾಲ ಅದಕ್ಕಿಂತ ಮೇಲಿದ್ದರೆ ಕೊಳೆಯ ದಾರಿ ತೆರೆಯುತ್ತದೆ, ಅದರ ಹಿಂದೆ ಗೆದ್ದಲು. ಮಣ್ಣಿನ ನೆಲ ತೇವವನ್ನು ಮೇಲಕ್ಕೂ ಬಿಡುತ್ತಿತ್ತು. ಟೈಲ್ಸ್ ಮೇಲಿನ ದಾರಿಯನ್ನು ಪೂರ್ತಿ ಮುಚ್ಚುತ್ತದೆ. ಇನ್ನು ಉಳಿಯುವುದು ಕೆಳಗಿನ ದಾರಿ ಒಂದೇ. ಚೆಂದಕ್ಕೆಂದು ಪಡಸಾಲೆಯ ಜಂತಿಗಳ ಅಡಿಗೆ ಪಿಒಪಿ ಅಥವಾ ಪಿವಿಸಿ ಚಾವಣಿ ಬಡಿದರೆ ಅದೂ ಮುಚ್ಚುತ್ತದೆ. ಮೇಲೆ ಬಚ್ಚಲಿರುವ ಕಡೆ ಕೆಳಗೆ ಸುಳ್ಳು ಚಾವಣಿ ಕೂಡದು ಎಂಬುದನ್ನು ನಿಯಮವಾಗಿಯೇ ಹೇಳಬೇಕು. ತೆರೆದ ಜಂತಿ ಒಣಗುತ್ತದೆ. ಸೋರಿದರೆ ಕಲೆ ಮೊದಲ ವಾರದಲ್ಲೇ ಕಣ್ಣಿಗೆ ಬೀಳುತ್ತದೆ.

7. ಸಿದ್ಧತೆಯ ಕ್ರಮ

ಇಳಿಸುವುದು, ಕಾಯುವುದು. ಮಣ್ಣನ್ನು ಅಂಚಿನಿಂದ ನಡುವಿಗೆ ಸಮನಾಗಿ ಇಳಿಸಬೇಕು. ಒಂದೇ ಮಗ್ಗುಲು ಬರಿದು ಮಾಡಿ ಇನ್ನೊಂದು ಮಗ್ಗುಲಲ್ಲಿ ರಾಶಿ ಹಾಕಬಾರದು. ದಶಕಗಳ ಭಾರ ಇಳಿದ ಜಂತಿ ಸ್ವಲ್ಪ ಮೇಲಕ್ಕೆ ಮರಳುತ್ತದೆ, ಮಣ್ಣಿಗೆ ತಾಕಿದ್ದ ಹಲಗೆ ಒಣಗುತ್ತದೆ. ಕೆಲವು ವಾರ ಹಾಗೆಯೇ ಬಿಟ್ಟು ಆಮೇಲೆ ಮಟ್ಟ ನೋಡಬೇಕು. ಮಣ್ಣು ಇಳಿಸಿದ ದಿನವೇ ಮಟ್ಟ ಮಾಡಿದ ನೆಲ ಮುಂದೆ ಮಟ್ಟವಾಗಿ ಉಳಿಯದು. ಕೆಲಸವನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳುವುದು ಉಚಿತ.

ಪರೀಕ್ಷೆ. ಜಂತಿಯ ನಡುಭಾಗ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕೆಡುವುದು ಗೋಡೆಯೊಳಗೆ ಹೂತ ತುದಿ. ದಬ್ಬಣದಿಂದ ಚುಚ್ಚಿ, ಸುತ್ತಿಗೆಯಿಂದ ತಟ್ಟಿ ನೋಡಬೇಕು. ದಬ್ಬಣ ಸಲೀಸಾಗಿ ಇಳಿದರೆ, ಸದ್ದು ಟೊಳ್ಳಾಗಿ ಕೇಳಿದರೆ ಆ ತುದಿ ಹೋಗಿದೆ. ಅಂಥಲ್ಲಿ ಗೋಡೆಯ ಪಕ್ಕಕ್ಕೆ ಕಲ್ಲಿನ ಅಥವಾ ಉಕ್ಕಿನ ಆಧಾರ ಕೊಟ್ಟು, ಹೊಸ ಮರ ಜೋಡಿಸಿ ಭಾರವನ್ನು ಅದಕ್ಕೆ ವರ್ಗಾಯಿಸಬೇಕು. ಗೆದ್ದಲಿನ ಮಣ್ಣುಗೆರೆ ಗೋಡೆಯ ಮೇಲೆ ಕಂಡರೆ ಮರಕ್ಕೆ ಮಾತ್ರ ಔಷಧ ಹೊಡೆದು ಪ್ರಯೋಜನವಿಲ್ಲ. ಅದು ಬರುವುದು ನೆಲದಿಂದ. ಗೋಡೆಯ ಬುಡಕ್ಕೂ ಉಪಚಾರ ಬೇಕು.

ನಳ ಮತ್ತು ಮೋರಿ. ಪ್ಲೈವುಡ್ ಕೂರಿಸುವ ಮುನ್ನವೇ, ಮೋರಿಯ ಬಾಯಿಗೆ ಕೂರಿಸುವ ನಹಾನಿ ಟ್ರ್ಯಾಪ್‌ನ ಜಾಗ ಎರಡು ಜಂತಿಗಳ ನಡುವೆ, ಹೊರಗೋಡೆಗೆ ಹತ್ತಿರದಲ್ಲಿ ಗೊತ್ತಾಗಬೇಕು. ಕೊಳವೆ ಜಂತಿಗೆ ಸಮಾನಾಂತರವಾಗಿ ಓಡಿ ಗೋಡೆ ದಾಟಬೇಕು. ಅಡ್ಡ ಹೋಗಲೇಬೇಕಾದರೆ ಜಂತಿಯ ಎತ್ತರದ ನಟ್ಟನಡುವೆ, ಎತ್ತರದ ಮೂರನೆಯ ಒಂದು ಪಾಲು ಮೀರದ ತೂತು. 125 ಮಿ.ಮೀ. ಜಂತಿಯಲ್ಲಿ ಅದು 40 ಮಿ.ಮೀ. ಮಾತ್ರ, 75 ಮಿ.ಮೀ. ಮೋರಿ ಕೊಳವೆ ಅದರಲ್ಲಿ ಹೋಗದು. ಜಂತಿಯ ಮೇಲಂಚನ್ನೋ ಕೆಳಅಂಚನ್ನೋ ಕಚ್ಚು ಹಾಕಿ ಕೊಳವೆ ಕೂರಿಸುವುದು ಈ ಕೆಲಸದಲ್ಲಿ ಆಗುವ ಅತಿ ದೊಡ್ಡ ಹಾನಿ. ಮರದ ಬಲವೆಲ್ಲ ಆ ಅಂಚುಗಳಲ್ಲಿಯೇ ಇದೆ.

ಇಳಿಜಾರು. ಕಾಂಕ್ರೀಟಿನ ಮನೆಯಲ್ಲಿ ಇಳಿಜಾರನ್ನು ಗಾರೆಯಿಂದ ಮಾಡುತ್ತಾರೆ. ಇಲ್ಲಿ ಅದನ್ನು ಬಡಿಗೇರ ಮರದಲ್ಲಿಯೇ ಮಾಡಬೇಕು. ಜಂತಿಗಳ ಮೇಲೆ ಒಂದು ತುದಿಗೆ ಸಣ್ಣದಾಗುವ ಪಟ್ಟಿಗಳನ್ನು ಹೊಡೆದರೆ, ಪ್ಲೈವುಡ್ ಕೂತಾಗ ನೆಲ ತಾನಾಗಿ ಮೋರಿಯ ಕಡೆ ವಾಲುತ್ತದೆ. 50ಕ್ಕೆ 1ರ ಇಳಿಜಾರು ಸಾಕು. ಒಂದೂವರೆ ಮೀಟರ್ ಉದ್ದಕ್ಕೆ 30 ಮಿ.ಮೀ. ಇಡೀ ನೆಲ ಒಂದೇ ಕಡೆ ವಾಲಿ, ಮೋರಿ ಗೋಡೆಯ ಬುಡದಲ್ಲಿದ್ದರೆ ಹಳೆಯ ಬಚ್ಚಲಿನ ಏರ್ಪಾಡೇ ಆಯಿತು, ಮರಗೆಲಸವೂ ಸರಳ. ನೆಲದ ನಡುವೆ ಮೋರಿ ಇಟ್ಟರೆ ನಾಲ್ಕು ಕಡೆಯ ವಾಲು ಬೇಕಾಗಿ, ಪ್ಲೈವುಡ್ ಕತ್ತರಿಸುವುದೂ ಬಿಲ್ಲೆ ಕೂರಿಸುವುದೂ ಕಷ್ಟವಾಗುತ್ತದೆ.

ಪ್ಲೈವುಡ್. ಐಎಸ್ 710 ಗುರುತಿನ ಮರೀನ್ ಪ್ಲೈವುಡ್, 18 ಮಿ.ಮೀ. ಮೇಲ್ಪದರದ ಎಳೆ ಜಂತಿಗೆ ಅಡ್ಡ ಬರುವಂತೆ ಕೂರಿಸಬೇಕು. ಹಾಳೆ ಹಾಳೆಗೆ 3 ಮಿ.ಮೀ., ಗೋಡೆಗೆ 6 ಮಿ.ಮೀ. ಅಂತರ. ಈ ಸೀಮೆಯ ಬಹುಭಾಗ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲದ ಮೇಲೆ ಗೋಡೆಗಳೂ ಋತುವಿಗೊಮ್ಮೆ ಕೂದಲೆಳೆಯಷ್ಟು ಅಲುಗುತ್ತವೆ. ಗೋಡೆಗೆ ಒತ್ತಿ ಕೂರಿಸಿದ ನೆಲಕ್ಕೆ ಆ ಅಲುಗಾಟ ನೇರವಾಗಿ ತಾಕುತ್ತದೆ. ಮೊಳೆ ಬೇಡ, ಸ್ಕ್ರೂ ಬೇಕು: ಅಂಚುಗಳಲ್ಲಿ 15 ಸೆಂ.ಮೀ.ಗೆ ಒಂದು, ನಡುವೆ 20ರಿಂದ 25 ಸೆಂ.ಮೀ.ಗೆ ಒಂದು. ಮೊಳೆ ಕಾಲಕ್ರಮದಲ್ಲಿ ಮೇಲೇಳುತ್ತದೆ. ಹಳೆಯ ಹಲಗೆಯ ಬದಲು ಸೀಳು-ಕಟ್ಟಿಗೆ ಇದ್ದರೆ ಅದನ್ನು ತೆಗೆದು, ಜಂತಿಯ ಮೇಲೆಯೇ ಎರಡು ಪದರ ಪ್ಲೈವುಡ್ ಹಾಕಬೇಕು. ಒಂದರ ಜೋಡು ಇನ್ನೊಂದರ ಜೋಡಿನ ಮೇಲೆ ಬರಬಾರದು.

ಸಿಮೆಂಟ್ ಬೋರ್ಡ್. ಪ್ಲೈವುಡ್ ಮೇಲೆ ಟೈಲ್ಸ್ ಅಂಟನ್ನು ಹಲ್ಲುಕರಣೆಯಿಂದ ತೆಳುವಾಗಿ ಎಳೆದು, ಅದು ಹಸಿಯಿದ್ದಾಗಲೇ ಬೋರ್ಡ್ ಒತ್ತಬೇಕು. ಇಲ್ಲಿ ಅಂಟಿನ ಕೆಲಸ ಬೋರ್ಡಿನ ಅಡಿ ಪೊಳ್ಳು ಉಳಿಯದಂತೆ ತುಂಬುವುದು, ಹಿಡಿತ ಸ್ಕ್ರೂನಿಂದ. ಬೋರ್ಡಿನ ಸ್ಕ್ರೂ ಜಂತಿಗೆ ಇಳಿಯಬಾರದು, ಪ್ಲೈವುಡ್‌ಗೆ ಮಾತ್ರ ಕಚ್ಚಬೇಕು. ಜಂತಿಯ ಏರಿಳಿತ ಆಗ ನೇರವಾಗಿ ಬೋರ್ಡಿಗೆ ಮುಟ್ಟುವುದಿಲ್ಲ. ಜೋಡುಗಳಿಗೆ ಸಿಮೆಂಟಿನ ಕ್ಷಾರ ತಡೆಯುವ ಗಾಜುನೂಲಿನ ಜಾಲರಿ ಪಟ್ಟಿ.

ನೀರು ತಡೆಯುವ ಪದರ. ಸಿಮೆಂಟ್ ಬೋರ್ಡ್ ನೀರಿನಿಂದ ಕೆಡದು, ಆದರೆ ನೀರನ್ನು ತಡೆಯದು. ಈ ವ್ಯತ್ಯಾಸ ಗೊತ್ತಿಲ್ಲದೆ ಅದನ್ನೇ ಕೊನೆಯ ಪದರ ಮಾಡಿದರೆ ನೀರು ಸಲೀಸಾಗಿ ಪ್ಲೈವುಡ್ ಮುಟ್ಟುತ್ತದೆ. ಬಾಗಿದರೂ ಬಿರಿಯದ ಪಾಲಿಮರ್ ಲೇಪವನ್ನು ಒಂದರ ಮೇಲೊಂದು ಅಡ್ಡ-ಉದ್ದ ಎರಡು ಕೋಟು ಹಚ್ಚಬೇಕು. ನೆಲ-ಗೋಡೆ ಸೇರುವ ಮೂಲೆಗೆ ಬಟ್ಟೆಪಟ್ಟಿ ಇಟ್ಟು ಲೇಪದೊಳಗೆ ಹೂಳಬೇಕು. ಗೋಡೆಯ ಮೇಲೆ ಎಲ್ಲ ಕಡೆ ಕನಿಷ್ಠ 15 ಸೆಂ.ಮೀ., ಸ್ನಾನದ ಮಗ್ಗುಲಲ್ಲಿ ಆಳೆತ್ತರ. ಮಣ್ಣಿನ ಗೋಡೆಗೆ ಲೇಪ ಹಿಡಿಯದು. ಅಲ್ಲಿ ಗೋಡೆಯಿಂದ ಬೇರೆಯಾಗಿ ನಿಂತ ಚೌಕಟ್ಟಿಗೆ ಸಿಮೆಂಟ್ ಬೋರ್ಡ್ ಹೊಡೆದು ಅದರ ಮೇಲೆ ಲೇಪ. ಬಾಗಿಲಲ್ಲಿ ಕನಿಷ್ಠ 25 ಮಿ.ಮೀ. ಎತ್ತರದ ಹೊಸ್ತಿಲು, ಲೇಪ ಅದನ್ನೂ ಹತ್ತಿ ಇಳಿಯಬೇಕು. ಟ್ರ್ಯಾಪ್‌ನ ಕತ್ತು ಅತಿ ದುರ್ಬಲ ಜಾಗ. ಅಗಲ ಅಂಚಿನ ಟ್ರ್ಯಾಪ್ ತಂದು ಅಂಚನ್ನು ಲೇಪದೊಳಗೆ ಬೆಸೆಯಬೇಕು.

ನೀರು ನಿಲ್ಲಿಸಿ ನೋಡುವುದು. ಮೋರಿಯ ಬಾಯಿ ಬಿಗಿದು ಹೊಸ್ತಿಲಿಗಿಂತ ಕೆಳಗೆ ನೀರು ನಿಲ್ಲಿಸಿ 24 ಗಂಟೆ ಬಿಡಬೇಕು. ಮೇಲೆ ನೀರಿನ ಮಟ್ಟಕ್ಕೆ ಗುರುತು, ಕೆಳಗೆ ಜಂತಿಗಳ ಮೇಲೆ ಕಣ್ಣು. ಸೋರಿದರೆ ತೋರಿಸಿಕೊಡಲು ಇದಕ್ಕಿಂತ ಅಗ್ಗದ ಗಳಿಗೆ ಮುಂದೆ ಬರುವುದಿಲ್ಲ.

ಟೈಲ್ಸ್. ಇಷ್ಟಾದ ಮೇಲೆ ಬಿಲ್ಲೆ ಕೂರಿಸುವುದು ಸುಲಭದ ಭಾಗ. 300 ಮಿ.ಮೀ. ಚೌಕದ, ಜಾರದ ಮೈಯ ಬಿಲ್ಲೆ ವಾಲಿದ ನೆಲಕ್ಕೆ ಒಗ್ಗುತ್ತದೆ. ಸಿಮೆಂಟ್ ಹಾಲು ಸುರಿದು ಕೂರಿಸುವ ರೂಢಿಯನ್ನು ಇಲ್ಲಿ ಬಿಡಬೇಕು. ಬಾಗು ತಾಳುವ ಪಾಲಿಮರ್ ಅಂಟು ಬೇಕು. ಅಂತರರಾಷ್ಟ್ರೀಯ ವಿಂಗಡಣೆಯಲ್ಲಿ ಎಸ್1 ಎಂಬ ಗುರುತಿನದು ಪರೀಕ್ಷೆಯಲ್ಲಿ ಕನಿಷ್ಠ 2.5 ಮಿ.ಮೀ. ಬಾಗಿಯೂ ಒಡೆಯದು. ಬಿಲ್ಲೆಯ ಅಡಿ ಪೊಳ್ಳು ಉಳಿಯಬಾರದು. ನೆಲ-ಗೋಡೆ ಸೇರುವ ಸಂದಿಗೆ ಗ್ರೌಟ್ ತುಂಬದೆ ಸಿಲಿಕೋನ್ ತುಂಬಬೇಕು. ಬಟ್ಟೆ ಒಗೆಯುವ ಕಲ್ಲನ್ನು ಮಾತ್ರ ಮಹಡಿಗೆ ಏರಿಸಬಾರದು. ಅದರ ತೂಕಕ್ಕಿಂತ ಬಡಿತ ಕೆಟ್ಟದ್ದು.

8. ಕೈಹಾಕಬಾರದ ಸಂದರ್ಭಗಳು

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಮುನವಳ್ಳಿ, ರಾಮದುರ್ಗದ ಕಡೆ ನೀರು ಊರೊಳಗೆ ನುಗ್ಗಿತು. ಮಣ್ಣಿನ ಗೋಡೆಯ ಮನೆಗಳು ಬಿದ್ದವು. ಅಂಥ ನೀರಿನಲ್ಲಿ ನಿಂತು ಬೀಳದೆ ಉಳಿದ ಮನೆಗಳ ಗೋಡೆಯೊಳಗಿನ ಮಣ್ಣಿನ ಗಾರೆ ತೊಳೆದುಹೋಗಿರುವ ಸಾಧ್ಯತೆ ಇದೆ. ಜಂತಿ ಎಷ್ಟು ಗಟ್ಟಿಯಿದ್ದರೂ ಅದರ ತುದಿ ಕೂತಿರುವುದು ಆ ಗೋಡೆಯಲ್ಲಿ. ಅಂಥ ಮನೆಯಲ್ಲಿ ಮಹಡಿಯ ಬಚ್ಚಲಿಗಿಂತ ಮೊದಲು ಗೋಡೆಯ ಪರೀಕ್ಷೆ ಆಗಬೇಕು, ಅದನ್ನು ಇಂಜಿನಿಯರ್ ಮಾಡಬೇಕು.

ಜಂತಿಗಳ ತುದಿ ಸಾಲಾಗಿ ಕೊಳೆತಿದ್ದರೆ, ಕೆಳಗೆ ದೇವರ ಕೋಣೆಯೋ ಕಾಳಿನ ಕೋಣೆಯೋ ಇದ್ದು ಸೋರಿಕೆ ನೋಡಲು ಅವಕಾಶವಿಲ್ಲದಿದ್ದರೆ, ಮೋರಿಯ ಕೊಳವೆಗೆ ಹೊರಗೋಡೆ ಸಿಗದಿದ್ದರೆ ಮಹಡಿಯ ಮೇಲೆ ಬಚ್ಚಲು ಬೇಡ. ಅದರ ಬದಲು ಹಿತ್ತಲ ಕಡೆ ಹಳೆಯ ಗೋಡೆಗೆ ತಾಗದಂತೆ, ಸ್ವಂತ ಬುನಾದಿಯ ಮೇಲೆ ಎರಡಂತಸ್ತಿನ ಪುಟ್ಟ ಕಾಂಕ್ರೀಟ್ ಗೋಪುರ ಎಬ್ಬಿಸಿ ಮಹಡಿಯಿಂದ ಅದಕ್ಕೆ ಬಾಗಿಲು ಬಿಡುವುದು ಲೇಸು. ಖರ್ಚು ಹೆಚ್ಚು, ಆದರೆ ಒದ್ದೆಯನ್ನು ಮರದಿಂದ ದೂರವಿಡುವ ಹಳೆಯ ವಿಭಜನೆ ಅದರಲ್ಲಿ ಉಳಿಯುತ್ತದೆ.

9. ಫಲಿತ

ಈ ಸೀಮೆಯ ಮಹಡಿಯಲ್ಲಿ ಬಚ್ಚಲು ಅಸಾಧ್ಯವಲ್ಲ. ಆದರೆ ಅದು ಟೈಲ್ಸ್‌ನ ಕೆಲಸ ಎಂದು ಆರಂಭವಾದಾಗ ಸೋಲುತ್ತದೆ. ಲೆಕ್ಕ ತೋರಿಸುವಂತೆ ಗೆಲುವಿನ ಬಹುಪಾಲು ಮಣ್ಣು ಇಳಿಸುವುದರಲ್ಲಿ ಮತ್ತು ಜಂತಿಯ ಉದ್ದವನ್ನು ಕಡಿಮೆ ಮಾಡುವುದರಲ್ಲಿದೆ. ಬಾಳಿಕೆಯ ಬಹುಪಾಲು ಇಳಿಜಾರು, ಲೇಪ ಮತ್ತು ಕೆಳಗಿನಿಂದ ತೆರೆದ ಜಂತಿಯಲ್ಲಿದೆ. ಬಿಲ್ಲೆಯ ಆಯ್ಕೆ ಇವೆಲ್ಲ ಮುಗಿದ ಮೇಲಿನ ಮಾತು.

ಇದರಿಂದ ಮನೆಯವರಿಗೆ ಹೊರಡುವ ಸಲಹೆ ಕರೆಸುವ ಸರದಿಯದು. ಮೊದಲು ಬಡಿಗೇರ, ಜಂತಿ ನೋಡಲು ಮತ್ತು ಇಳಿಜಾರು ಕಟ್ಟಲು. ಆಮೇಲೆ ನಳದ ಕೆಲಸದವರು, ಆಮೇಲೆ ಲೇಪ ಹಚ್ಚುವವರು. ನೀರು ನಿಲ್ಲಿಸಿ ನೋಡುವ ದಿನ ಈ ಮೂವರೂ ಕೆಳಗಿನ ಪಡಸಾಲೆಯಲ್ಲಿರಬೇಕು. ಸೋರಿದರೆ ಯಾರ ಕೆಲಸದಲ್ಲಿ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ. ಟೈಲ್ಸ್ ಅಂಗಡಿಗೆ ಹೋಗುವುದು ಅದರ ಮರುದಿನ.